ನ್ಯೂಕ್ವೇ ಟ್ಯಾಂಕಿನ ನಾಲ್ಕಡಿ ಹುಳು

2009ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಪತ್ರಿಕೆಗಳಲ್ಲಿ ಒಂದು ಸುದ್ದಿ ಓಡಾಡಿತು. ಕಾರ್ನ್‌ವಾಲ್‌ನ ಕಡಲತೀರದ ಊರು ನ್ಯೂಕ್ವೇಯ ಬ್ಲೂ ರೀಫ್ ಅಕ್ವೇರಿಯಂನಲ್ಲಿ, ಹವಳದ ಟ್ಯಾಂಕೊಂದರೊಳಗೆ ನಾಲ್ಕಡಿ ಉದ್ದದ ಕಡಲಹುಳು ಸಿಕ್ಕಿತ್ತು. ಸಿಬ್ಬಂದಿ ಅದಕ್ಕೆ ಬ್ಯಾರಿ ಎಂದು ಹೆಸರಿಟ್ಟಿದ್ದರು. ಪತ್ರಿಕೆಗಳು ಅದನ್ನು ರಾಕ್ಷಸ ಎಂದು ಕರೆದು, ಫೋಟೋ ಹಾಕಿ, ಮುಂದಿನ ಸುದ್ದಿಗೆ ಹೋದವು. ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟವರು ಅಷ್ಟು ಬೇಗ ಮುಂದೆ ಹೋಗಬಾರದು. ಹುಳು ಎಷ್ಟು ಉದ್ದವಿತ್ತು ಎನ್ನುವುದಕ್ಕಿಂತ ಅದನ್ನು ಹಿಡಿಯಲು ಅಷ್ಟು ಕಾಲ ಯಾಕೆ ಬೇಕಾಯಿತು, ಕೊನೆಗೆ ಹೇಗೆ ಸಿಕ್ಕಿತು ಎನ್ನುವುದರಲ್ಲಿ ನಮಗೆ ಕೆಲಸಕ್ಕೆ ಬರುವ ವಿಷಯವಿದೆ.

ನಡೆದದ್ದು ಹೀಗೆ. ಕೆಲವು ತಿಂಗಳಿಂದ ಆ ಟ್ಯಾಂಕಿನಲ್ಲಿ ಹವಳಗಳು ಹಾಳಾಗುತ್ತಿದ್ದವು. ಕೆಲವು ಹವಳಗಳಂತೂ ಎರಡು ತುಂಡಾಗಿ ಬಿದ್ದಿರುತ್ತಿದ್ದವು. ಒಂದು ಟ್ಯಾಂಗ್ ಮೀನು ಗಾಯಗೊಂಡಿತ್ತು. ಹಗಲು ಹೊತ್ತಿನಲ್ಲಿ ಎಷ್ಟು ನೋಡಿದರೂ ಅಪರಾಧಿ ಕಾಣುತ್ತಿರಲಿಲ್ಲ. ಸಿಬ್ಬಂದಿ ವಾರಗಟ್ಟಲೆ ಕಾವಲು ಕೂತರು. ಬಲೆ ಇಟ್ಟರೆ ರಾತ್ರಿಯಲ್ಲೇ ಹರಿದುಹೋಗುತ್ತಿತ್ತು. ಆಗಿನ ಕ್ಯುರೇಟರ್ ಮ್ಯಾಟ್ ಸ್ಲೇಟರ್ ಪತ್ರಿಕೆಗಳಿಗೆ ಹೇಳಿದಂತೆ, ಆಮಿಷದ ತುಂಬ ಗಾಳದ ಕೊಕ್ಕೆಗಳಿದ್ದವು, ಆ ಕೊಕ್ಕೆಗಳನ್ನೂ ಹುಳು ನುಂಗಿ ಅರಗಿಸಿಕೊಂಡಿರಬೇಕು. ಬೇರೆ ದಾರಿ ಕಾಣದೆ ಇಡೀ ಪ್ರದರ್ಶನವನ್ನು ಒಂದೊಂದೇ ಕಲ್ಲು ತೆಗೆದು ಬಿಚ್ಚತೊಡಗಿದರು. ಅರ್ಧ ಬಿಚ್ಚುವಷ್ಟರಲ್ಲಿ ಹುಳು ಕಣ್ಣಿಗೆ ಬಿತ್ತು. ಮೀನಿನ ಚೂರು ತೋರಿಸಿ ಅದನ್ನು ಹೊರಗೆ ಸೆಳೆದರು. ಅಷ್ಟರಲ್ಲಿ ಅದು ಇಪ್ಪತ್ತು ಪೌಂಡ್ ತೂಕ ತಾಳುವ ಗಾಳದ ದಾರವನ್ನು ಕಚ್ಚಿ ತುಂಡರಿಸಿತ್ತು. ಆಮೇಲೆ ಅದಕ್ಕೆ ಬೇರೆಯದೇ ಟ್ಯಾಂಕ್ ಕೊಟ್ಟು ಸಾಕಿದರು.

ದಿನವೂ ಟ್ಯಾಂಕ್ ನೋಡಿಕೊಳ್ಳುವುದೇ ಕೆಲಸವಾಗಿದ್ದ ಪರಿಣತರಿಗೇ ನಾಲ್ಕಡಿಯ ಪ್ರಾಣಿಯೊಂದು ತಿಂಗಳುಗಟ್ಟಲೆ ಕಾಣಲಿಲ್ಲ. ಇದರಲ್ಲಿ ಅವರ ಅಜಾಗರೂಕತೆ ಏನೂ ಇಲ್ಲ. ರೀಫ್ ಟ್ಯಾಂಕ್, ಅಂದರೆ ಹವಳ ಸಾಕುವ ಉಪ್ಪುನೀರಿನ ಟ್ಯಾಂಕ್, ಇರುವುದೇ ಹಾಗೆ. ನಾವು ಅಲಂಕಾರಕ್ಕೂ ಜೈವಿಕ ಫಿಲ್ಟರ್‌ಗೂ ಇಡುವ ಲೈವ್ ರಾಕ್ ಅಂದರೆ ಸತ್ತ ಹವಳದ ಅಸ್ಥಿ. ಅದರ ಮೈತುಂಬ ರಂಧ್ರ, ಸುರಂಗ. ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ವಾಸಿಸುವುದು ಆ ರಂಧ್ರಗಳಲ್ಲೇ, ಏಡಿಯ ಮರಿ, ಸಿಗಡಿ, ಹುಳು ಅಡಗುವುದೂ ಅಲ್ಲೇ. ಒಳ್ಳೆಯದು ಬೇಕು, ಕೆಟ್ಟದ್ದು ಬೇಡ ಎಂದು ಕಲ್ಲಿಗೆ ಷರತ್ತು ಹಾಕುವಂತಿಲ್ಲ. ಹೆಬ್ಬೆರಳಿನಷ್ಟು ದಪ್ಪದ ಹುಳು ಒಂದು ಕಲ್ಲಿನ ಸುರಂಗದಿಂದ ಪಕ್ಕದ ಕಲ್ಲಿನ ಸುರಂಗಕ್ಕೆ ಮೈ ಚಾಚಿಕೊಂಡು ಮಲಗಿದ್ದರೆ ಗಾಜಿನ ಈಚೆ ನಿಂತವರಿಗೆ ಏನೂ ತಿಳಿಯುವುದಿಲ್ಲ.

ಆ ಹುಳುವನ್ನು ಸಾಮಾನ್ಯವಾಗಿ ಬಾಬಿಟ್ ವರ್ಮ್ ಎಂದು ಗುರುತಿಸುತ್ತಾರೆ. ವೈಜ್ಞಾನಿಕ ಹೆಸರು ಯೂನೀಸ್ ಆಫ್ರೊಡೈಟಾಯ್ಸ್. 1788ರಲ್ಲಿ ಪ್ರಾಣಿಶಾಸ್ತ್ರಜ್ಞ ಪಲ್ಲಾಸ್ ವರ್ಣಿಸಿದ ಜಾತಿ. ತಲೆಯ ಮೇಲೆ ಐದು ಮೀಸೆ, ಅವುಗಳ ಮೇಲೆ ಬಿಳಿ ಪಟ್ಟೆ. ಮೈಬಣ್ಣ ಕಂದು ನೇರಳೆ, ಬೆಳಕು ಬಿದ್ದರೆ ಮಳೆಗಾಲದ ರಸ್ತೆಯಲ್ಲಿ ಚೆಲ್ಲಿದ ಪೆಟ್ರೋಲಿನಂತೆ ಏಳು ಬಣ್ಣ ಮಿನುಗುತ್ತದೆ. ದವಡೆಗಳು ಗಂಟಲಿನೊಳಗೆ ಮಡಚಿಕೊಂಡಿರುತ್ತವೆ, ಬೇಟೆ ಹತ್ತಿರ ಬಂದಾಗ ಗಂಟಲನ್ನೇ ಹೊರಗೆ ಚಿಮ್ಮಿಸಿ ಕತ್ತರಿಸುತ್ತದೆ. ಕಡಲಲ್ಲಿ ಇದು ಮರಳಿನೊಳಗೆ ಮೈ ಹೂತು, ತಲೆಯನ್ನಷ್ಟೇ ಹೊರಗಿಟ್ಟು ಕಾಯುವ ಬೇಟೆಗಾರ. ಇಂಡೋನೇಷ್ಯಾದ ಲೆಂಬೆ ಜಲಸಂಧಿಯಲ್ಲಿ ಚಿಕ್ಕ ಮೀನುಗಳು ಗುಂಪುಗೂಡಿ, ಹುಳು ಅಡಗಿದ ಬಿಲದ ಬಾಯಿಗೆ ನೀರು ಉಗುಳಿ ಅದನ್ನು ಒಳಗೆ ಅಟ್ಟುವುದನ್ನು ಸಂಶೋಧಕರು ದಾಖಲಿಸಿ 2016ರಲ್ಲಿ ಪ್ರಕಟಿಸಿದ್ದಾರೆ. ಟ್ಯಾಂಕಿನ ಮೀನಿಗೆ ಅಂಥ ಗುಂಪೂ ಇಲ್ಲ, ಓಡಿಹೋಗಲು ಕಡಲೂ ಇಲ್ಲ.

ಅದು ಅಲ್ಲಿ ಹೇಗೆ ನಾಲ್ಕಡಿ ಆಯಿತು? ಅದೇ 2009ರ ಜನವರಿಯಲ್ಲಿ ಜಪಾನಿನ ಶಿರಹಾಮಾದ ಬಂದರಿನಲ್ಲಿ ಒಂದು ತೆಪ್ಪದ ತೇಲುಬುರುಡೆಯೊಳಗೆ ಇದೇ ಜಾತಿಯ ಹುಳು ಸಿಕ್ಕಿತು. ಉದ್ದ 299 ಸೆಂ.ಮೀ., ತೂಕ 433 ಗ್ರಾಂ, ಮೈಯಲ್ಲಿ ಉಂಗುರದಂಥ 673 ಖಂಡ. ಅಷ್ಟು ದೊಡ್ಡದು ತೇಲುಬುರುಡೆಯೊಳಗೆ ತಾನಾಗಿ ನುಗ್ಗಿ ಬಂದಿರುವುದು ಕಷ್ಟ; ಮರಿಯಾಗಿ ಸೇರಿಕೊಂಡು, ವರ್ಷಗಟ್ಟಲೆ ಅಲ್ಲೇ ತಿಂದು ಬೆಳೆದದ್ದು. ನ್ಯೂಕ್ವೇಯಲ್ಲೂ ಹಾಗೆಯೇ ಆಗಿರಬೇಕು ಎಂಬುದು ನನ್ನ ಎಣಿಕೆ. ನಾಲ್ಕಡಿಯ ಹುಳು ಇರುವ ಕಲ್ಲನ್ನು ಕೈಯಲ್ಲಿ ಹಿಡಿದು ಟ್ಯಾಂಕಿಗೆ ಇಳಿಸುವಾಗ ಯಾರಿಗೂ ತಿಳಿಯದೆ ಹೋಗುವುದಿಲ್ಲ. ದಾರದಷ್ಟು ಸಣ್ಣ ಹುಳುವಿರುವ ಕಲ್ಲನ್ನು ಇಳಿಸಿದರೆ ಯಾರಿಗೂ ತಿಳಿಯುವುದಿಲ್ಲ.

ಒಂದು ಮಾತು ಇಲ್ಲೇ ಹೇಳಬೇಕು. ಮನೆಯ ಟ್ಯಾಂಕುಗಳಲ್ಲಿ ಐದು ಮೀಸೆಯ ಹುಳು ಕಂಡಾಗಲೆಲ್ಲ ಬಾಬಿಟ್ ಬಂತು ಎಂದು ಗಾಬರಿಯಾಗುತ್ತಾರೆ. ಯೂನೀಸ್ ಕುಲದಲ್ಲಿ ಬಹಳ ಜಾತಿಗಳಿವೆ. ಲೈವ್ ರಾಕ್‌ನಲ್ಲಿ ಬರುವವು ಹೆಚ್ಚಾಗಿ ಕಲ್ಲಿನೊಳಗೆ ವಾಸಿಸುವ ಚಿಕ್ಕ ಜಾತಿಗಳು. ಪಾಚಿ ತಿನ್ನುವವೂ ಅವುಗಳಲ್ಲಿವೆ, ಮೆದು ಹವಳವನ್ನು ಕಡಿಯುವವೂ ಇವೆ. ಇವುಗಳ ಜೊತೆ ಸೇರಿಸಿ ಶಿಕ್ಷೆ ಅನುಭವಿಸುವುದು ಪಾಪದ ಬ್ರಿಸಲ್ ವರ್ಮ್. ಮೈಯ ಎರಡೂ ಬದಿಗೆ ಬಿಳಿ ರೋಮದ ಗೊಂಚಲು ಇರುವ, ಬೆರಳುದ್ದದ, ನಸುಗೆಂಪು ಹುಳು ರಾತ್ರಿ ಮರಳಿನ ಮೇಲೆ ಓಡಾಡಿದರೆ ಅದು ಮೀನು ಬಿಟ್ಟ ಕೂಳು, ಸತ್ತ ಬಸವನಹುಳು ತಿನ್ನುವ ಜಾಡಮಾಲಿ. ಸತ್ತ ಮೀನಿನ ಮೇಲೆ ಅದು ಕೂತಿರುವುದನ್ನು ಕಂಡು ಅದೇ ಕೊಂದಿತು ಎಂದು ಟ್ಯಾಂಕಿಗೆ ಔಷಧ ಸುರಿಯುವವರಿದ್ದಾರೆ. ಔಷಧ ಹುಳುವನ್ನು ಮಾತ್ರ ಹುಡುಕಿಕೊಂಡು ಹೋಗುವುದಿಲ್ಲ. ಕಲ್ಲಿನೊಳಗೆ ನೂರಾರು ಹುಳು ಒಟ್ಟಿಗೆ ಸತ್ತು ಕೊಳೆತರೆ ಅಮೋನಿಯಾ ಏರಿ, ಉಳಿದಿದ್ದ ಹವಳವೂ ಹೋಗುತ್ತದೆ.

ಬ್ಯಾರಿಯ ರೋಮ ತಾಗಿದರೆ ಶಾಶ್ವತವಾಗಿ ಜೋಮು ಹಿಡಿಯುತ್ತದೆ ಎಂಬ ಮಾತು ಆಗಿನ ಸುದ್ದಿಗಳಲ್ಲಿತ್ತು. ಅದನ್ನು ಎಚ್ಚರದಿಂದ ಓದಬೇಕು. ಉರಿ ಹತ್ತಿಸುವ, ಚರ್ಮದಲ್ಲಿ ಮುರಿದು ಉಳಿಯುವ ರೋಮ ಇರುವುದು ಫೈರ್‌ವರ್ಮ್ ಬಳಗಕ್ಕೆ. ಯೂನೀಸ್‌ನ ಅಪಾಯ ಇರುವುದು ದವಡೆಯಲ್ಲಿ. ಎರಡಕ್ಕೂ ಪರಿಹಾರ ಒಂದೇ: ದಪ್ಪ ಕೈಗವಸು, ಉದ್ದದ ಇಕ್ಕಳ. ರೋಮ ಚುಚ್ಚಿಕೊಂಡರೆ ಅಂಟುಪಟ್ಟಿ ಒತ್ತಿ ಎಳೆದರೆ ಬಹುಪಾಲು ಬರುತ್ತದೆ.

ಈಗ ನ್ಯೂಕ್ವೇಯ ಹುಡುಕಾಟಕ್ಕೆ ಬರೋಣ. ಹವಳ ಎರಡು ತುಂಡಾಗಿತ್ತು ಎನ್ನುವುದೇ ನನ್ನ ಲೆಕ್ಕದಲ್ಲಿ ಈ ಪ್ರಕರಣದ ಅತಿ ಮುಖ್ಯ ಪುರಾವೆ. ಹವಳ ಹಾಳಾಗುವ ಬಗೆಗಳು ಬೇರೆ ಬೇರೆ, ಪ್ರತಿಯೊಂದೂ ಬೇರೆ ಅಪರಾಧಿಯ ಕಡೆ ಕೈ ತೋರಿಸುತ್ತದೆ. ಬುಡದಿಂದ ಮೇಲಕ್ಕೆ ಚರ್ಮ ಸುಲಿದು ಬಿಳಿ ಅಸ್ಥಿ ಕಾಣುತ್ತಾ ಬಂದರೆ ಮೊದಲು ನೀರನ್ನು ಪರೀಕ್ಷಿಸಬೇಕು. ಆಲ್ಕಲಿನಿಟಿ, ಅಂದರೆ ನೀರಿನ ಕ್ಷಾರೀಯತೆ, ಒಂದೆರಡು ದಿನದಲ್ಲಿ ಏರಿಳಿದಾಗ ಆಕ್ರೊಪೋರಾ ಎಂಬ ಕೊಂಬೆ ಹವಳ ಹೀಗೆ ಹೋಗುತ್ತದೆ. ನೀರು ಸರಿಯಿದ್ದು, ಕೊಂಬೆಯ ಮೇಲೆ ಸಾಸಿವೆ ಗಾತ್ರದ ಮಾಸಲು ಚುಕ್ಕೆಗಳಿದ್ದರೆ ಆಕ್ರೊಪೋರಾ ತಿನ್ನುವ ಚಪ್ಪಟೆಹುಳುವನ್ನು ಹುಡುಕಬೇಕು. ಅದು ಹವಳದ ಬಣ್ಣವನ್ನೇ ಹೊದ್ದುಕೊಂಡಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ, ಪೈಪೆಟ್‌ನಿಂದ ನೀರು ಚಿಮ್ಮಿಸಿದರೆ ಉದುರುತ್ತದೆ. ಮಾಂಟಿಪೋರಾ ಎಂಬ ತಟ್ಟೆಯಾಕಾರದ ಹವಳದ ಅಂಚು ತಿಂದುಹೋಗಿ ಬಿಳಿ ಗೆರೆ ಒಳಕ್ಕೆ ಸರಿಯುತ್ತಿದ್ದರೆ ತಟ್ಟೆಯ ಅಡಿಯನ್ನು ತಿರುಗಿಸಿ ನೋಡಬೇಕು, ಅಕ್ಕಿಕಾಳಿನಷ್ಟು ಗಾತ್ರದ ಬಿಳಿಯ ನ್ಯೂಡಿಬ್ರ್ಯಾಂಕ್, ಅಂದರೆ ಚಿಪ್ಪಿಲ್ಲದ ಕಡಲ ಬಸವನಹುಳು, ಅಲ್ಲಿರುತ್ತದೆ. ರಾತ್ರಿ ಟಕ್ ಟಕ್ ಸದ್ದು ಕೇಳಿದರೆ ಮ್ಯಾಂಟಿಸ್ ಸಿಗಡಿ ಅಥವಾ ಪಿಸ್ತೂಲು ಸಿಗಡಿ. ಹವಳವೇ ತುಂಡಾಗಿ ಬಿದ್ದಿದ್ದರೆ? ರೋಗ ಹವಳವನ್ನು ಕತ್ತರಿಸುವುದಿಲ್ಲ, ಆಲ್ಕಲಿನಿಟಿಯೂ ಕತ್ತರಿಸುವುದಿಲ್ಲ. ದವಡೆ ಇರಬೇಕು, ಇಲ್ಲವೇ ಚಿಮಟದಂಥ ಕೊಂಡಿ ಇರಬೇಕು. ಅದರ ಜೊತೆಗೆ ಮೀನಿಗೂ ಗಾಯವಾಗಿದೆ ಎಂದರೆ ದೊಡ್ಡದೇ ಇರಬೇಕು. ಏಡಿ, ಮ್ಯಾಂಟಿಸ್ ಸಿಗಡಿ, ದೊಡ್ಡ ಹುಳು — ಪಟ್ಟಿ ಅಲ್ಲಿಗೆ ಮುಗಿಯುತ್ತದೆ. ಮೂರೂ ಕಲ್ಲಿನಲ್ಲೇ ಇರುವವು, ಮೂರೂ ರಾತ್ರಿ ಹೊರಬರುವವು.

ಹಾಗಾಗಿ ಅವರು ಕಾವಲು ಕೂತದ್ದು ಸರಿ. ಮನೆಯಲ್ಲಿ ಈ ಕಾವಲಿಗೆ ಕೆಂಪು ಬೆಳಕಿನ ಟಾರ್ಚ್ ಬೇಕು. ದೀಪ ಆರಿಸಿ ಎರಡು ಮೂರು ಗಂಟೆ ಕಳೆದ ಮೇಲೆ, ಪಂಪು ನಿಲ್ಲಿಸಿ, ಒಂದು ಚೂರು ಸಿಗಡಿ ಮಾಂಸವನ್ನು ಕಡ್ಡಿಗೆ ಸಿಕ್ಕಿಸಿ ಅನುಮಾನದ ಕಲ್ಲಿನ ಮುಂದೆ ಹಿಡಿದು ಕಾಯಬೇಕು. ಕೆಂಪು ಬೆಳಕಿಗೆ ಇವು ಅಷ್ಟಾಗಿ ಬೆದರುವುದಿಲ್ಲ. ಮೊದಲು ಬಿಲದ ಬಾಯಲ್ಲಿ ಲೋಳೆಯ ಹೊಳಪು ಕಾಣುತ್ತದೆ. ಆಮೇಲೆ ಎರಡು ಮೀಸೆ ಹೊರಬಂದು ನೀರನ್ನು ತಡವುತ್ತವೆ, ಮತ್ತೆ ಮೂರು ಬರುತ್ತವೆ, ನಂತರ ತಲೆ. ತಿನ್ನಲು ಬಿಡಿ, ಎಳೆಯಬೇಡಿ. ಯಾವ ಕಲ್ಲು, ಯಾವ ತೂತು ಎಂದು ಗುರುತು ಹಾಕಿಕೊಳ್ಳುವುದಷ್ಟೇ ಆ ರಾತ್ರಿಯ ಕೆಲಸ. ಮರುರಾತ್ರಿ ಅದೇ ತೂತಿನಿಂದ ಬಂದರೆ ನಿಮ್ಮ ಅರ್ಧ ಕೆಲಸ ಮುಗಿಯಿತು.

ಗಾಳದ ಕೊಕ್ಕೆಯ ವಿಷಯದಲ್ಲಿ ಮಾತ್ರ ನಾನು ನ್ಯೂಕ್ವೇಯ ದಾರಿಯನ್ನು ಹಿಡಿಯುವುದಿಲ್ಲ. ಮೀನಿಗೆ ಹಿಡಿಯುವ ಕೊಕ್ಕೆ ಈ ಹುಳುವನ್ನು ಹಿಡಿಯುವುದಿಲ್ಲ. ಹಿಡಿದರೂ ಅದರ ಮೈಯ ಬಹುಪಾಲು ಸುರಂಗದೊಳಗಿದ್ದು, ಬದಿಯ ರೋಮಗಳನ್ನು ಗೋಡೆಗೆ ಊರಿಕೊಂಡಿರುತ್ತದೆ. ಎಳೆದರೆ ತುಂಡಾಗುತ್ತದೆ. ಹೊರಗೆ ಬಂದ ತುಂಡನ್ನು ಹಿಡಿದು ಗೆದ್ದೆವೆಂದುಕೊಂಡರೆ, ತಲೆ ಉಳಿದ ಭಾಗ ಬಾಲವನ್ನು ಮತ್ತೆ ಬೆಳೆಸಿಕೊಳ್ಳುತ್ತದೆ. ತಲೆಯೇ ಹೋದರೆ ಉಳಿದ ಎರಡು ಮೂರು ಅಡಿ ಮಾಂಸ ಕಲ್ಲಿನೊಳಗೆ ಕೊಳೆಯುತ್ತದೆ. ಚಿಕ್ಕ ಹುಳುವಿಗೆ ಪಿವಿಸಿ ಪೈಪಿನ ತುಂಡಿನೊಳಗೆ ನೈಲಾನ್ ಬಲೆ ತುರುಕಿ, ನಡುವೆ ಆಮಿಷ ಇಟ್ಟರೆ ರೋಮ ಸಿಕ್ಕಿಕೊಂಡು ಕೆಲವೊಮ್ಮೆ ಸಿಗುತ್ತದೆ. ದೊಡ್ಡದಕ್ಕೆ ಕಲ್ಲನ್ನೇ ಹೊರತೆಗೆಯಬೇಕು, ಬೇರೆ ಮಾತಿಲ್ಲ.

ಕಲ್ಲು ತೆಗೆಯುವುದನ್ನು ಅವರು ಕೊನೆಯವರೆಗೆ ಮುಂದೂಡಿದರು. ಯಾಕೆ ಮುಂದೂಡಿದರು ಎನ್ನುವುದು ರೀಫ್ ಟ್ಯಾಂಕ್ ಇಟ್ಟ ಯಾರಿಗಾದರೂ ಅರ್ಥವಾಗುತ್ತದೆ. ಹವಳಗಳು ಕಲ್ಲಿಗೆ ಬೆಳೆದು ಅಂಟಿರುತ್ತವೆ. ಒಂದು ಕಲ್ಲು ಎತ್ತಿದರೆ ಮೂರು ಕುಸಿಯುತ್ತವೆ. ಮರಳಿನ ತಳದಲ್ಲಿ ಕೂತ ಕಸ, ಆಮ್ಲಜನಕವಿಲ್ಲದ ಪದರದ ಹೈಡ್ರೋಜನ್ ಸಲ್ಫೈಡ್, ಎಲ್ಲವೂ ಮೇಲೆದ್ದು ನೀರು ಕೆಡುತ್ತದೆ. ವರ್ಷಗಟ್ಟಲೆ ಕೂಡಿಸಿದ ಸಮತೋಲ ಒಂದು ಮಧ್ಯಾಹ್ನದಲ್ಲಿ ಹೋಗಬಹುದು. ಆದರೂ ಒಂದೊಂದು ವಾರ ಕಾದಷ್ಟೂ ಒಂದೊಂದು ಹವಳ ಹೋಗುತ್ತಿತ್ತಲ್ಲ. ಅಪರಾಧಿ ಕಲ್ಲಿನಲ್ಲೇ ಇದೆ ಎಂದು ಪುರಾವೆ ಹೇಳಿದ ಮೇಲೆ ಬಿಚ್ಚುವ ದಿನವನ್ನು ಬೇಗ ಗೊತ್ತುಮಾಡುವುದೇ ಕಡಿಮೆ ನಷ್ಟದ ದಾರಿ ಎಂದು ನನಗೆ ಅನಿಸುತ್ತದೆ. ಮನೆಯ ಟ್ಯಾಂಕಿನಲ್ಲಿ ಇಡೀ ಗುಡ್ಡೆ ಬಿಚ್ಚಬೇಕಾಗಿಲ್ಲ. ಕಾವಲಿನಲ್ಲಿ ಗುರುತಿಸಿದ ಕಲ್ಲು, ಅದಕ್ಕೆ ತಾಗಿಕೊಂಡಿರುವ ಕಲ್ಲುಗಳು ಸಾಕು. ಹಿಂದಿನ ದಿನವೇ ಉಪ್ಪುನೀರು ಕಲಸಿ, ಟ್ಯಾಂಕಿನಷ್ಟೇ ಉಷ್ಣತೆ, ಟ್ಯಾಂಕಿನಷ್ಟೇ ಲವಣಾಂಶಕ್ಕೆ ತಂದಿಟ್ಟುಕೊಳ್ಳಬೇಕು, ಹವಳಗಳನ್ನು ಇಡಲು ಒಂದು ಡಬ್ಬ, ಕಲ್ಲು ಇಡಲು ಇನ್ನೊಂದು. ಕಲ್ಲನ್ನು ಎತ್ತುವಾಗ ನೀರಿನೊಳಗೇ ಬಕೆಟ್ಟಿಗೆ ಜಾರಿಸಿ ತೆಗೆಯಿರಿ. ಗಾಳಿಗೆ ಎತ್ತಿದರೆ ಹುಳು ಪಕ್ಕದ ಕಲ್ಲಿಗೆ ಜಾರುತ್ತದೆ.

ಹೊರತೆಗೆದ ಕಲ್ಲಿನಿಂದ ಹುಳುವನ್ನು ಹೊರಡಿಸಲು ಬಲ್ಲವರು ಮಾಡುವುದು ಇಷ್ಟು: ಕಲ್ಲಿನ ಮೇಲೆ ಹವಳ ಇಲ್ಲದಿದ್ದರೆ ಹೆಚ್ಚು ಉಪ್ಪಿನ ನೀರಿನಲ್ಲಿ ಅದ್ದುವುದು. ಟ್ಯಾಂಕಿನ ನೀರಿನ ಸಾಂದ್ರತೆ 1.025 ಇದ್ದರೆ ಬಕೆಟ್ಟಿನದು 1.040ರ ಮೇಲೆ. ಕೆಲವೇ ನಿಮಿಷಗಳಲ್ಲಿ ಹುಳು, ಏಡಿ, ಸಿಗಡಿ ತಾವಾಗಿಯೇ ಹೊರಗೆ ಬರುತ್ತವೆ. ಒಂದೇ ತೂತಿನಲ್ಲಿದ್ದರೆ ಸಿರಿಂಜಿನಿಂದ ಸೋಡಾ ನೀರನ್ನು ಆ ತೂತಿಗೆ ಬಿಡುವುದೂ ನಡೆಯುತ್ತದೆ. ಇಕ್ಕಳದಿಂದ ತಲೆಯ ಹಿಂದೆ ಹಿಡಿದು, ಅದು ಸಡಿಲವಾಗುವವರೆಗೆ ಕಾಯುವುದು. ಇಲ್ಲಿ ಅವಸರ ಸಲ್ಲದು.

ಕಲ್ಲನ್ನು ಕುದಿಸುವುದು ಮಾತ್ರ ಎಂದಿಗೂ ಬೇಡ. ಇದನ್ನು ನಾನು ದೊಡ್ಡ ದನಿಯಲ್ಲೇ ಹೇಳುತ್ತೇನೆ. ಕುದಿಸಿದರೆ ಎಲ್ಲ ಸಾಯುತ್ತವೆ, ಸುಲಭ ಎಂದು ಹೇಳುವವರು ಈಗಲೂ ಸಿಗುತ್ತಾರೆ. ಕಲ್ಲಿನ ಮೇಲೆ ಹವಳದ ಹತ್ತಿರದ ಬಳಗವಾದ, ಪ್ಯಾಲಿಥೋವಾ ಜಾತಿಯ ಜೊವಾಂಥಿಡ್ ಇದ್ದರೆ, ಅದರಲ್ಲಿರುವ ಪ್ಯಾಲಿಟಾಕ್ಸಿನ್ ಎಂಬ ವಿಷ ಹಬೆಯ ಜೊತೆ ಮನೆ ತುಂಬುತ್ತದೆ. 2018ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಒಂದು ಮನೆಯಲ್ಲಿ ಟ್ಯಾಂಕಿನಿಂದ ಹವಳ ತೆಗೆಯುವಾಗ ಬಿಡುಗಡೆಯಾದ ಈ ವಿಷದಿಂದ ಮನೆಯ ಆರು ಮಂದಿ, ಸಹಾಯಕ್ಕೆ ಬಂದ ನಾಲ್ವರು ಅಗ್ನಿಶಾಮಕ ಸಿಬ್ಬಂದಿ ಆಸ್ಪತ್ರೆ ಸೇರಿದರು. ಬಿಸಿನೀರು ಸುರಿದು ಉಜ್ಜುವುದೂ ಇದೇ ಅಪಾಯ. ಜೊವಾಂಥಿಡ್ ಇರುವ ಕಲ್ಲನ್ನು ಮುಟ್ಟುವಾಗ ಕೈಗವಸು, ಕನ್ನಡಕ ಎರಡೂ ಬೇಕು.

ಹುಳು ಬರದ ಹಾಗೆ ಮಾಡುವುದು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಟ್ಯಾಂಕ್ ಇಡುವವರಿಗೆ ನ್ಯೂಕ್ವೇಯವರಿಗಿಂತ ಸುಲಭ, ಏಕೆಂದರೆ ಈ ಕಡಲ ಕಲ್ಲು ನಮಗೆ ಕಾನೂನಿನ ಪ್ರಕಾರವೇ ದೂರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಗಟ್ಟಿ ಹವಳಗಳು ಸೇರಿದವು. ನೇತ್ರಾಣಿಯಿಂದಾಗಲಿ, ಲಕ್ಷದ್ವೀಪದಿಂದಾಗಲಿ, ಮನ್ನಾರ್ ಕೊಲ್ಲಿಯಿಂದಾಗಲಿ ಹವಳದ ಚೂರು ಎತ್ತಿ ತರುವುದು ಹುಲಿಯನ್ನು ಮುಟ್ಟಿದಷ್ಟೇ ಗಂಭೀರ ಅಪರಾಧ. ಕದ್ದು ಮಾರುವವರಿಂದ ಕೊಳ್ಳುವುದೂ ಅದೇ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿಯ ನೀರಿನಲ್ಲಿ ಮುಳುಗಿ ನೋಡಿದವರಿಗೆ ಆ ಕಾನೂನು ಯಾಕೆ ಬೇಕು ಎಂದು ಯಾರೂ ವಿವರಿಸಬೇಕಾಗಿಲ್ಲ. ಕಾರ್ಖಾನೆಯಲ್ಲಿ ಮಾಡಿದ ಒಣಕಲ್ಲು, ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ, ಎರಡು ಮೂರು ತಿಂಗಳ ತಾಳ್ಮೆ — ಇವಿಷ್ಟಿದ್ದರೆ ಹುಳುವಿಲ್ಲದ ಗಟ್ಟಿ ಬುನಾದಿ ಸಿಗುತ್ತದೆ.

ಆದರೂ ಒಳನುಸುಳುವ ದಾರಿ ಒಂದು ಉಳಿಯುತ್ತದೆ, ಅದು ಫ್ರ್ಯಾಗ್. ಗೆಳೆಯರ ಟ್ಯಾಂಕಿನಿಂದ ಬಂದ ಹವಳದ ತುಂಡು, ಅದನ್ನು ಅಂಟಿಸಿರುವ ಬುಡದ ಬಿಲ್ಲೆ, ಅಂದರೆ ಪ್ಲಗ್. ಐಪ್ಟೇಸಿಯಾ ಎಂಬ ಪಿಡುಗಿನ ಕಡಲಹೂ (ಸೀ ಅನಿಮೋನ್) ಬರುವುದು ಬಹುತೇಕ ಈ ಪ್ಲಗ್‌ನಲ್ಲೇ. ಅದನ್ನು ಕೆರೆದು ತೆಗೆಯಲು ಹೋದರೆ ಉಳಿದ ಚೂರುಗಳಿಂದ ಹೊಸದು ಹುಟ್ಟುತ್ತವೆ. ಪ್ಲಗ್ ಕತ್ತರಿಸಿ ಎಸೆದು ಹವಳವನ್ನು ಹೊಸ ಪ್ಲಗ್‌ಗೆ ಅಂಟಿಸುವುದು ಉತ್ತಮ. ಟ್ಯಾಂಕಿನೊಳಗೆ ಬಂದೇಬಿಟ್ಟಿದ್ದರೆ ಪೆಪ್ಪರ್‌ಮಿಂಟ್ ಸಿಗಡಿ, ಅಥವಾ ಐಪ್ಟೇಸಿಯಾ ಬಿಟ್ಟು ಬೇರೇನೂ ತಿನ್ನದ ಬರ್ಗಿಯಾ ನ್ಯೂಡಿಬ್ರ್ಯಾಂಕ್. ಚಪ್ಪಟೆಹುಳುವಿಗೆ ಅಯೋಡಿನ್ ಡಿಪ್ ಕೊಟ್ಟರೆ, ಅಂದರೆ ಹವಳವನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿದರೆ, ಹುಳು ಉದುರುತ್ತದೆ, ಬುಡದ ಅಸ್ಥಿಗೆ ಅಂಟಿದ ಮೊಟ್ಟೆ ಉಳಿಯುತ್ತದೆ. ಅದಕ್ಕೇ ಒಂದೇ ಡಿಪ್ ಸಾಲದು. ಬೇರೆ ಟ್ಯಾಂಕಿನಲ್ಲಿ ವಾರಗಟ್ಟಲೆ ಇಟ್ಟು, ವಾರಕ್ಕೊಮ್ಮೆ ಅದ್ದಿ, ಭೂತಗನ್ನಡಿ ಹಿಡಿದು ಮೊಟ್ಟೆ ಹುಡುಕಿ ಕೆರೆಯಬೇಕು. ಕ್ವಾರಂಟೀನ್‌ಗೆ ದೊಡ್ಡ ವ್ಯವಸ್ಥೆ ಬೇಡ. ನಲವತ್ತು ಲೀಟರಿನ ಗಾಜಿನ ಪೆಟ್ಟಿಗೆ, ಒಂದು ಹೀಟರ್, ಒಂದು ಚಿಕ್ಕ ಪಂಪು, ಒಂದು ದೀಪ.

ಹಿಡಿದ ಹುಳುವನ್ನು ಏನು ಮಾಡುವುದು? ನ್ಯೂಕ್ವೇಯವರು ಅದಕ್ಕೆ ಬೇರೆ ಟ್ಯಾಂಕ್ ಕೊಟ್ಟದ್ದು ನನಗೆ ಈ ಇಡೀ ಪ್ರಕರಣದಲ್ಲಿ ಹೆಚ್ಚು ಇಷ್ಟವಾದ ಭಾಗ. ಅದು ತನ್ನ ಬದುಕು ಬದುಕುತ್ತಿತ್ತು. ತಪ್ಪಾದದ್ದು ಅದಿದ್ದ ಜಾಗ. ಮರಳು ಹಾಕಿದ ಒಂದು ಪೆಟ್ಟಿಗೆಯಲ್ಲಿ, ಅಥವಾ ಸಂಪ್‌ನಲ್ಲಿ, ಅಂದರೆ ಟ್ಯಾಂಕಿಗೆ ಜೋಡಿಸಿದ ಫಿಲ್ಟರ್ ತೊಟ್ಟಿಯಲ್ಲಿ, ಗಟ್ಟಿ ಜಾಲರಿಯ ಹಿಂದೆ ಅದನ್ನು ಸಾಕಬಹುದು. ಸಾಕಲಾಗದಿದ್ದರೆ ಲೀಟರಿಗೆ ಸುಮಾರು 75 ಗ್ರಾಂ ಮೆಗ್ನೀಸಿಯಂ ಕ್ಲೋರೈಡ್ ಬೆರೆಸಿದ ಸಿಹಿನೀರಿನಲ್ಲಿ ಬಿಟ್ಟು, ಪೂರ್ತಿ ಚಲನೆ ನಿಂತ ಮೇಲೆ ಫ್ರೀಜರಿನಲ್ಲಿಡಬೇಕು. ಮಲ್ಪೆಗೋ ಕಾರವಾರಕ್ಕೋ ಹೋದಾಗ ಕಡಲಿಗೆ ಬಿಟ್ಟು ಬರುತ್ತೇನೆ ಎಂಬ ಯೋಚನೆಯನ್ನು ಮಾತ್ರ ಬಿಡಿ, ಎಷ್ಟೇ ಕರುಣೆಯಿಂದ ಮಾಡಿದರೂ. ಕಾಲರ್ಪಾ ಟ್ಯಾಕ್ಸಿಫೋಲಿಯಾ ಎಂಬ ಅಕ್ವೇರಿಯಂ ಪಾಚಿ 1984ರಲ್ಲಿ ಮೊನಾಕೊದ ಕಡಲಲ್ಲಿ ಕಾಣಿಸಿಕೊಂಡು ಮೆಡಿಟರೇನಿಯನ್‌ನ ತಳವನ್ನು ಆವರಿಸುತ್ತಾ ಹೋಯಿತು. ಅದೇ ಪಾಚಿ 2000ದಲ್ಲಿ ಕ್ಯಾಲಿಫೋರ್ನಿಯಾದ ಹಿನ್ನೀರೊಂದರಲ್ಲಿ ಸಿಕ್ಕಾಗ ಅದರ ಮೇಲೆ ಟಾರ್ಪಾಲು ಹೊದಿಸಿ, ಒಳಗೆ ಕ್ಲೋರಿನ್ ಬಿಟ್ಟು, 2006ರಲ್ಲಿ ಪೂರ್ತಿ ಹೋಯಿತು ಎಂದು ಘೋಷಿಸುವಷ್ಟರಲ್ಲಿ 70 ಲಕ್ಷ ಡಾಲರ್‌ಗಿಂತ ಹೆಚ್ಚು ಖರ್ಚಾಗಿತ್ತು. ಹುಳು ಹಿಡಿದ ಬಕೆಟ್ಟಿನ ನೀರಿಗೂ ಇದೇ ನಿಯಮ: ಬ್ಲೀಚ್ ಹಾಕಿ, ಒಂದು ದಿನ ಇಟ್ಟು, ಒಳಚರಂಡಿಗೆ ಸುರಿಯಿರಿ, ಮಳೆನೀರು ಹರಿಯುವ ಚರಂಡಿಗೆ ಬೇಡ.